ಪಟ್ಟಿಯ ಕೊನೆಯ ಹೆಸರು

2016ರ ಫೆಬ್ರವರಿ. ಆ ವಾರ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಟಿವಿ ಬಂದ್ ಆಗಿದ್ದೇ ಇಲ್ಲ. ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಪೋಸ್ಟ್ ಮೇಲೆ ಹಿಮದ ಗೋಡೆ ಕುಸಿದು ಹತ್ತು ಜನ ಸೈನಿಕರು ಹೂತುಹೋಗಿದ್ದರು. ಅವರಲ್ಲಿ ಒಬ್ಬರು ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ನಮ್ಮ ಮನೆಯಿಂದ ಬೆಟದೂರು ದೂರವೇನಲ್ಲ. ಹಾಗಾಗಿ ನಮಗೆಲ್ಲ ಅದು ಪಕ್ಕದ ಮನೆಯ ಸುದ್ದಿಯೇ ಆಗಿತ್ತು.

ಪೆನ್ಷನ್ ಕಾಗದದ ಕೆಲಸಕ್ಕೆ ಬಂದಿದ್ದ ನಮ್ಮ ಸೋದರಮಾವ ಆ ದಿನ ಮನೆಯಲ್ಲೇ ಇದ್ದರು. ಪೇಪರಿನಲ್ಲಿ ಹತ್ತು ಜನರ ಹೆಸರು ಬಂದಿತ್ತು. ನಾನು ಹನುಮಂತಪ್ಪನ ಹೆಸರಿನ ಹತ್ತಿರ ನಿಂತೆ. ಮಾಮಾ ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡು ಮೇಲಿಂದ ಕೆಳಗೆ ನಿಧಾನಕ್ಕೆ ಓದುತ್ತಾ ಹೋಗಿ, ಕೊನೆಯ ಹೆಸರಿನ ಮೇಲೆ ಬೆರಳಿಟ್ಟರು.

"ಹತ್ತ ಮಂದ್ಯಾಗ ಒಬ್ಬ ನಮ್ಮಾಂವ ಅದಾನ ನೋಡು."

ನಾನು ನೋಡಿದೆ. ಸಿಪಾಯಿ, ನರ್ಸಿಂಗ್ ಅಸಿಸ್ಟೆಂಟ್, ಸುನಿಲ್ ಸೂರ್ಯವಂಶಿ. ಊರು ಮಹಾರಾಷ್ಟ್ರದ ಸಾತಾರಾ ಜಿಲ್ಲೆ. "ಇವರು ನಿಮಗ ಗುರ್ತೇನ್ರಿ ಮಾಮಾ?" ಅಂದೆ. "ಇಲ್ಲೋ ಅಳಿಯಾ. ಎನ್‌ಎ ಅಂತ ಐತೆಲ್ಲ. ನಾ ಮಾಡ್ತಿದ್ದ ಕೆಲಸ ಅದ" ಅಂದರು.

ಆ ಪಟ್ಟಿಯನ್ನು ಆಮೇಲೆ ನಾನು ಸರಿಯಾಗಿ ಓದಿದೆ. ಹನುಮಂತಪ್ಪ ಬಿಟ್ಟರೆ ಕರ್ನಾಟಕದವರು ಇನ್ನಿಬ್ಬರು, ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ ಮತ್ತು ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ನಾಲ್ವರು ತಮಿಳುನಾಡಿನವರು. ಕೇರಳದವರೊಬ್ಬರು, ಆಂಧ್ರದವರೊಬ್ಬರು. ಅದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್, ಹಾಗಾಗಿ ಒಂಬತ್ತೂ ಜನ ದಕ್ಷಿಣದವರು. ಸಾತಾರೆಯ ಹುಡುಗ ಅಲ್ಲಿಗೆ ಹೇಗೆ ಬಂದ? ಅವನು ಆ ಪಲ್ಟನ್ನಿನವನಲ್ಲ, ಆರ್ಮಿ ಮೆಡಿಕಲ್ ಕೋರ್‌ನವನು. ಉಳಿದ ಒಂಬತ್ತು ಜನರ ಆರೋಗ್ಯ ನೋಡಿಕೊಳ್ಳೋದಕ್ಕೆ ಅಂತ ಕಳಿಸಿದ ಹತ್ತನೆಯವನು. ಹಿಮ ಬೀಳುವಾಗ ಇವನು ಕಾಯುವವನು, ಅವರು ಕಾಯಿಸಿಕೊಳ್ಳುವವರು ಅಂತ ನೋಡಲಿಲ್ಲ.

ಮಾಮಾನ ಊರು ಬೈಲಹೊಂಗಲ ತಾಲೂಕಿನಲ್ಲಿದೆ. 1989ರಲ್ಲಿ ಬೆಳಗಾವಿಯ ಭರ್ತಿಗೆ ಹೋದಾಗ ಅವರ ತಲೆಯಲ್ಲಿ ಇದ್ದದ್ದು ಬಂದೂಕು. ಪಿಯುಸಿಯಲ್ಲಿ ಸೈನ್ಸ್ ಓದಿದ್ದಾನೆ ಅಂತ ನರ್ಸಿಂಗ್ ಅಸಿಸ್ಟೆಂಟ್ ಅಂತ ಬರೆದುಕೊಂಡು ಲಖನೌಗೆ ಕಳಿಸಿದರು. ಮೆಡಿಕಲ್ ಕೋರ್‌ನ ತರಬೇತಿ ಕೇಂದ್ರ ಇರೋದು ಅಲ್ಲೇ. ಡ್ರಿಲ್, ಫೈರಿಂಗ್ ಎಲ್ಲ ಮುಗಿದ ಮೇಲೆ ಇಂಜೆಕ್ಷನ್ನು, ಡ್ರೆಸಿಂಗು, ಮುರಿದ ಕಾಲಿಗೆ ಪಟ್ಟಿ, ರಕ್ತ ನಿಲ್ಲಿಸೋದು. ಮೊದಲ ವರ್ಷ ಊರಿಗೆ ರಜೆಗೆ ಬಂದಾಗ ಗೆಳೆಯರು "ಎಷ್ಟ್ ಮಂದೀನ ಹೊಡದಿ?" ಅಂತ ಕೇಳಿದರಂತೆ. "ಸೂಜಿ ಹೊಡದೇನಿ" ಅಂದಿದ್ದಕ್ಕೆ ಇಡೀ ಕಟ್ಟೆ ನಕ್ಕಿತಂತೆ. ಆ ನಗು ಮಾಮಾನಿಗೆ ಬಹಳ ದಿನ ಚುಚ್ಚಿತ್ತು ಅಂತ ನನಗೆ ಅನ್ನಿಸುತ್ತದೆ. ಅವರು ಹಾಗೆ ಹೇಳಿಲ್ಲ.

ಈ ಕೆಲಸಕ್ಕೆ ನಮ್ಮಲ್ಲಿ ಒಂದು ಸರಿಯಾದ ಹೆಸರೇ ಇಲ್ಲ. ಡಾಕ್ಟರ್ ಅಲ್ಲ. ನಾವು ನರ್ಸ್ ಅಂದರೆ ಆಸ್ಪತ್ರೆಯ ಸಿಸ್ಟರ್ ನೆನಪಾಗುತ್ತಾರೆ, ಅದೂ ಅಲ್ಲ. ಕಾಂಪೌಂಡರ್ ಅಂದರೆ ಬಾಟಲಿಗೆ ಕೆಂಪು ಔಷಧಿ ತುಂಬಿ ಕೊಡುತ್ತಿದ್ದ ಹಳೆಯ ಕಾಲದ ಮನುಷ್ಯ. ಊರಲ್ಲಿ ಮಾಮಾನನ್ನು "ಮಿಲ್ಟ್ರಿ ಡಾಕ್ಟರ್" ಅಂತಾರೆ. ಪ್ರತಿ ಸಲ ಅವರು "ಡಾಕ್ಟರ್ ಅಲ್ರೀ" ಅಂತ ತಿದ್ದುತ್ತಾರೆ. ಯಾರೂ ತಿದ್ದಿಕೊಳ್ಳುವುದಿಲ್ಲ.

ಪಲ್ಟನ್ನಿನಲ್ಲಿ ಒಬ್ಬ ಡಾಕ್ಟರ್ ಇರುತ್ತಾರೆ, ರೆಜಿಮೆಂಟಲ್ ಮೆಡಿಕಲ್ ಆಫೀಸರ್. ಆದರೆ ಪಲ್ಟನ್ ಒಂದೇ ಕಡೆ ಇರುವುದಿಲ್ಲ. ಗುಡ್ಡದ ತುದಿಗಳಲ್ಲಿ ಹತ್ತು ಹತ್ತು ಜನರಾಗಿ ಹರಡಿಕೊಂಡಿರುತ್ತದೆ. ಎಲ್ಲ ತುದಿಗೂ ಡಾಕ್ಟರ್ ಸಿಗೋದಿಲ್ಲವಲ್ಲ. ಅಲ್ಲಿಗೆ ಹೋಗುವುದು ನರ್ಸಿಂಗ್ ಅಸಿಸ್ಟೆಂಟ್. ಅವನೂ ಸಿಗದಿದ್ದರೆ ಪಲ್ಟನ್ನಿನ ಸಿಪಾಯಿಗಳಲ್ಲೇ ಒಬ್ಬನಿಗೆ ತರಬೇತಿ ಕೊಟ್ಟು ಬ್ಯಾಟಲ್ ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ಅಂತ ಮಾಡಿರುತ್ತಾರೆ. ಮೊದಲ ಕೈ ಇವರದೇ. ಬದುಕುವವನು ಬದುಕುವುದು ಸಾಮಾನ್ಯವಾಗಿ ಆ ಮೊದಲ ಕೈಯಲ್ಲಿ.

ಮಾಮಾ 24 ವರ್ಷದಲ್ಲಿ ಡೋಗ್ರಾ, ಗೂರ್ಖಾ, ಮದ್ರಾಸ್, ಸಿಖ್ ಅಂತ ಬೇರೆ ಬೇರೆ ಪಲ್ಟನ್ನುಗಳ ಜೊತೆ ಇದ್ದರು. ಎಲ್ಲ ಕಡೆಯೂ ಹೊರಗಿನವನೇ. ಊಟ ಬೇರೆ, ದೇವರು ಬೇರೆ, ಹಾಡು ಬೇರೆ. ಹೋದ ಮೊದಲ ದಿನ ಅವರು ಕಲಿಯುತ್ತಿದ್ದದ್ದು ಒಂದೇ ಶಬ್ದ. ತಮಿಳರು ವಲಿ ಅಂತಾರೆ, ಮಲಯಾಳಿಗಳು ವೇದನ, ಪಂಜಾಬಿಗಳು ಪೀಡ. ಗೂರ್ಖಾ ಹುಡುಗರು ದುಖ್ಯೋ ಅಂತಾರೆ. "ಹಿಂದಿ ಎಲ್ಲಾರಿಗೂ ಬರ್ತದ. ಆದ್ರ ಖರೇ ನೋವು ಬಂದಾಗ ಮನಷ್ಯಾ ಅವ್ವನ ಭಾಷೆದಾಗ ಒದರ್ತಾನ" ಅಂದರು ಒಮ್ಮೆ. ಸೂರ್ಯವಂಶಿ ಆ ತಮಿಳು, ಕನ್ನಡ, ಮಲಯಾಳಂ, ತೆಲುಗು ಬಾಯಿಗಳ ನಡುವೆ ಏನೇನು ಕಲಿತಿದ್ದನೋ.

ಸಿಯಾಚಿನ್‌ಗೆ ನಮ್ಮ ಸೇನೆ ಹೋಗಿದ್ದು 1984ರ ಏಪ್ರಿಲ್ 13ರಂದು, ಆಪರೇಷನ್ ಮೇಘದೂತ್‌ನಲ್ಲಿ. ಅಂದಿನಿಂದ ಅಲ್ಲಿ ಗುಂಡಿಗಿಂತ ಜಾಸ್ತಿ ಜನರನ್ನು ಕೊಂದಿರುವುದು ಚಳಿ, ಹಿಮಪಾತ, ಗಾಳಿಯಲ್ಲಿ ಆಕ್ಸಿಜನ್ ಇಲ್ಲದಿರುವುದು. ಸುಮ್ನೆ ಬಸ್ ಹತ್ತಿ ಹೋಗುವ ಜಾಗ ಅಲ್ಲ ಅದು. ಮೊದಲು 9,000ದಿಂದ 12,000 ಅಡಿ ಎತ್ತರದಲ್ಲಿ ಆರು ದಿನ, ನಂತರ 15,000 ಅಡಿಯವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ. ಹೀಗೆ ಮೈಯನ್ನು ಒಗ್ಗಿಸಿಕೊಂಡೇ ಮೇಲೆ ಹೋಗಬೇಕು. ಈ ಲೆಕ್ಕ ಯಾರೋ ಕೂತು ಬರೆದದ್ದಲ್ಲ. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಹುಡುಗರನ್ನು ಒಮ್ಮೆಲೇ ಹಿಮಾಲಯಕ್ಕೆ ಏರಿಸಿದಾಗ, ಗಟ್ಟಿಮುಟ್ಟಾದವರು ಎರಡು ಮೂರು ದಿನದಲ್ಲಿ ಎದೆಯಲ್ಲಿ ನೀರು ತುಂಬಿಕೊಂಡು ಬೀಳತೊಡಗಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಅಂಥವರನ್ನು ಒಬ್ಬೊಬ್ಬರಾಗಿ ನೋಡಿ ಬರೆದಿಟ್ಟರು. 1969ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 1,925 ಸೈನಿಕರ ವಿವರ ಇದೆ. ಇವತ್ತಿಗೂ ಜಗತ್ತಿನಲ್ಲಿ ಎತ್ತರದ ಕಾಯಿಲೆ ಬಗ್ಗೆ ಓದುವವರು ಆ ಬರಹವನ್ನು ದಾಟಿ ಹೋಗುವಂತಿಲ್ಲ. ನಾವು ಲಡಾಖಿಗೆ ಹೋದಾಗ ಹೋಟೆಲಿನವರು "ಎರಡು ದಿನ ರೆಸ್ಟ್ ಮಾಡಿ ಸರ್" ಅಂತಾರಲ್ಲ, ಆ ಮಾತಿನ ಹಿಂದೆ ಆ ಹುಡುಗರ ಎದೆಗಳಿವೆ.

ಮಾಮಾ ಅಲ್ಲಿ ಇದ್ದದ್ದು 2002ರಲ್ಲಿ, ಪಾಕಿಸ್ತಾನದ ಜೊತೆ 2003ರಲ್ಲಿ ಆದ ಕದನ ವಿರಾಮಕ್ಕೂ ಮೊದಲು. ಏನು ಮಾಡ್ತಿದ್ರಿ ಅಂತ ಕೇಳಿದರೆ ಅವರು ಹೇಳುವುದು ಕಾಲಿನ ಕಥೆ. ದಿನಾ ಸಂಜೆ ಒಬ್ಬೊಬ್ಬರದೂ ಸಾಕ್ಸ್ ತೆಗೆಸಿ ಬೆರಳು ಬೆರಳು ನೋಡಬೇಕು. ಬಿಳಿಚಿಕೊಂಡಿದೆಯಾ, ಮುಟ್ಟಿದರೆ ಗೊತ್ತಾಗುತ್ತದಾ, ಒದ್ದೆ ಸಾಕ್ಸಿನಲ್ಲೇ ಮಲಗಿದ್ದಾನಾ. ನೀರು ಕುಡಿದಿದ್ದಾನಾ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಅದಕ್ಕೆ ಉಚ್ಚೆಯ ಬಣ್ಣ ಕೇಳಬೇಕು. ನೀರು ಅಂದರೆ ಸೀಮೆಎಣ್ಣೆ ಸ್ಟೋ ಮೇಲೆ ಹಿಮ ಕರಗಿಸಿದ್ದು, ಯಾರಿಗೂ ಕುಡಿಯೋ ಮನಸ್ಸೇ ಇರೋದಿಲ್ಲ. ಎಲ್ಲಕ್ಕಿಂತ ಕಷ್ಟ ಅಂದರೆ ತಲೆನೋವು ಮುಚ್ಚಿಡುವವರದು. ತಲೆನೋವು ಅಂದರೆ ಕೆಳಗೆ ಕಳಿಸ್ತಾರೆ, ಕೆಳಗೆ ಹೋದರೆ ಉಳಿದವರ ಮೇಲೆ ಪಹರೆ ಜಾಸ್ತಿ ಬೀಳುತ್ತದೆ, ಅದು ನಾಚಿಕೆ. "ಸುಳ್ಳ ಹೇಳ್ತಾರ ಅಂತ ಗೊತ್ತಿದ್ದ ಕೇಳ್ಬೇಕು. ಮಾರಿ ನೋಡಿ ಹಿಡೀಬೇಕು" ಅಂತಿದ್ದರು.

ಒಂದು ರಾತ್ರಿಯ ಕಥೆ ಮಾತ್ರ ಅವರು ಎರಡೇ ಸಲ ಹೇಳಿದ್ದಾರೆ. ಇಪ್ಪತ್ತೆರಡು ವರ್ಷದ ಹುಡುಗ. ಸಂಜೆ ಬರೀ ಕೆಮ್ಮು. ರಾತ್ರಿ ಹತ್ತಕ್ಕೆ ಕೂತಲ್ಲೇ ಏದುಸಿರು. ಮಾಮಾ ಎದೆಗೆ ಕಿವಿ ಹಚ್ಚಿದಾಗ ಒಣ ಜೋಳದ ದಂಟು ಮುರಿದ ಹಾಗೆ ಚರಚರ ಸಪ್ಪಳ. ಪುಪ್ಪುಸದಲ್ಲಿ ನೀರು, ಸೇನೆಯವರ ಬಾಯಲ್ಲಿ ಹಾಪೋ. ಅದಕ್ಕೆ ಖರೇ ಔಷಧಿ ಒಂದೇ, ಕೆಳಗೆ ಇಳಿಸೋದು. ಆದರೆ ಹೊರಗೆ ಗಾಳಿ, ರಾತ್ರಿ ಹೆಲಿಕಾಪ್ಟರ್ ಬರೋದಿಲ್ಲ. ಆಕ್ಸಿಜನ್ ಹಚ್ಚಿದರು, ಮಾತ್ರೆ ಕೊಟ್ಟರು. ನಂತರ ಹಾಪೋ ಬ್ಯಾಗ್ ಬಿಚ್ಚಿದರು. ಮನುಷ್ಯನನ್ನು ಪೂರ್ತಿ ಒಳಗೆ ಮಲಗಿಸಿ ಜಿಪ್ ಎಳೆಯುವಂಥ ಉದ್ದನೆಯ ಚೀಲ. ಹೊರಗಿನಿಂದ ಕಾಲಲ್ಲಿ ಪಂಪ್ ತುಳಿದು ಗಾಳಿ ತುಂಬಬೇಕು. ಒಳಗೆ ಒತ್ತಡ ಏರಿದಾಗ ಅವನಿಗೆ ಸಾವಿರಾರು ಅಡಿ ಕೆಳಗೆ ಇಳಿದ ಹಾಗೆ ಆಗುತ್ತದೆ. ಚೀಲದಲ್ಲಿ ಒಂದು ಸಣ್ಣ ಕಿಟಕಿ, ಅದರಲ್ಲಿ ಅವನ ಮುಖ.

ತುಳಿಯೋದು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಒಳಗೆ ಹೊಸ ಗಾಳಿ ಹೋಗುವುದಿಲ್ಲ. ಆ ಎತ್ತರದಲ್ಲಿ ಶೂ ಲೇಸ್ ಕಟ್ಟಿದರೇ ಉಸಿರು ಕಟ್ಟುತ್ತದೆ. ಪೋಸ್ಟಿನವರು ಸರದಿ ಹಾಕಿಕೊಂಡು ತುಳಿದರು. ಮಾಮಾ ಮಾತ್ರ ಸರದಿ ಬಿಟ್ಟು ಕಿಟಕಿಯ ಹತ್ತಿರ ಟಾರ್ಚ್ ಹಿಡಿದು ಕೂತು ತುಟಿಯ ಬಣ್ಣ ನೋಡುತ್ತಿದ್ದರು. ಆ ಹುಡುಗ ಒಳಗಿನಿಂದ ಏನೋ ಹೇಳುತ್ತಿದ್ದ, ಕೇಳಿಸುತ್ತಿರಲಿಲ್ಲ. ಇವರು ಸುಮ್ನೆ ಹೂಂ ಹೂಂ ಅಂತ ತಲೆ ಆಡಿಸುತ್ತಿದ್ದರು. ಬೆಳಿಗ್ಗೆ ಗಾಳಿ ನಿಂತಿತು, ಚೀತಾ ಬಂತು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಸಣ್ಣ ಹೆಲಿಕಾಪ್ಟರ್. ಅದು ಅಲ್ಲಿ ನಿಲ್ಲುವುದು ಕ್ಷಣಕಾಲ ಮಾತ್ರ, ಇಂಜಿನ್ ಬಂದ್ ಮಾಡುವುದಿಲ್ಲ. ಹುಡುಗನನ್ನು ಒಳಗೆ ತಳ್ಳಿದರು. ಹೋಯ್ತು.

"ಬದುಕಿದನ ಮಾಮಾ?"

"ಬದುಕ್ಯಾನಂತ ವೈರ್‌ಲೆಸ್ ಬಂತು. ಆಮ್ಯಾಲೆ ಅವನ್ನ ನಾ ನೋಡಿಲ್ಲ."

ಇಂಥದ್ದು ಅವರ ಸರ್ವಿಸ್ ಬುಕ್ಕಿನಲ್ಲಿ ಒಂದು ಸಾಲೂ ಇಲ್ಲ. ಪೋಸ್ಟಿಂಗ್ ಆದ ಊರುಗಳಿವೆ, ತಾರೀಕುಗಳಿವೆ, ರಜೆಯ ಲೆಕ್ಕ ಇದೆ.

ಮತ್ತೆ ಸೋನಮ್‌ಗೆ ಬರ್ತೀನಿ. ಫೆಬ್ರವರಿ 8ರ ರಾತ್ರಿ, ಆರನೇ ದಿನ, 25 ಅಡಿ ಹಿಮದ ಕೆಳಗಿನಿಂದ ಹನುಮಂತಪ್ಪ ಜೀವಂತ ಸಿಕ್ಕರು. ಹುಬ್ಬಳ್ಳಿಯಲ್ಲಿ ಜನ ಪಟಾಕಿ ಹಚ್ಚುವುದೊಂದು ಬಾಕಿ. ನಮ್ಮ ಅವ್ವ ಸಿದ್ಧಾರೂಢ ಮಠಕ್ಕೆ ಹೊರಟಳು. ಮಾಮಾ ಮಾತ್ರ ಟಿವಿ ಮುಂದೆ ಕೂತು ನಗಲಿಲ್ಲ. ಚಳಿ ಹಿಡಿದವನನ್ನು ಹೊರಗೆ ತೆಗೆಯೋದು ಅರ್ಧ ಕೆಲಸ ಅಂತ ಅವರಿಗೆ ಗೊತ್ತಿತ್ತು. ನಾವಾದರೆ ಕೈಕಾಲು ತಿಕ್ಕಿ, ಬೆಂಕಿ ಹತ್ತಿರ ಕೂರಿಸಿ ಬಿಡ್ತಿದ್ದೆವು, ಅಲ್ವಾ? ಅದನ್ನೇ ಮಾಡಬಾರದು. ಕೈಕಾಲಿನಲ್ಲಿ ನಿಂತ ತಣ್ಣಗಿನ ರಕ್ತ ಒಮ್ಮೆಲೇ ಎದೆಗೆ ಬಂದರೆ ಗುಂಡಿಗೆ ತಾಳ ತಪ್ಪುತ್ತದೆ. ಬೆಚ್ಚಗಿನ ಸಲೈನ್, ಬೆಚ್ಚಗೆ ಮಾಡಿದ ಆಕ್ಸಿಜನ್, ಹೊದಿಕೆ. ನಿಧಾನಕ್ಕೆ, ಹನಿ ಹನಿಯಾಗಿ. ಸೇನೆಯ ವೈದ್ಯರು ಮಾಡಿದ್ದೂ ಅದನ್ನೇ. ಮರುದಿನ ದೆಹಲಿಯ ಸೇನಾ ಆಸ್ಪತ್ರೆಗೆ ತಂದಾಗ ಹೊರಬಂದ ಬುಲೆಟಿನ್‌ನಲ್ಲಿ, ತಣ್ಣಗಾದ ಅಂಗಗಳಿಗೆ ರಕ್ತ ಹರಿಯತೊಡಗಿದಾಗ ಆಗುವ ತೊಂದರೆಗಳಿಂದ ಮುಂದಿನ 24ರಿಂದ 48 ಗಂಟೆ ಬಹಳ ಕಷ್ಟದ್ದು ಅಂತ ಇತ್ತು. ಮಾಮಾ ಅದನ್ನು ಹಿಂದಿನ ದಿನವೇ ನಮ್ಮ ಅಡುಗೆಮನೆಯಲ್ಲಿ ಅವ್ವನಿಗೆ ಹೇಳಿ ಬೈಸಿಕೊಂಡಿದ್ದರು. ಅಪಶಕುನ ನುಡೀಬ್ಯಾಡ ಅಂತ.

ಚಳಿಗೆ ಕೈಕಾಲು ಮರಗಟ್ಟಿ ಸಾಯುವ ಹಿಮದ ಕಚ್ಚು ಇರಲಿಲ್ಲ, ಮೂಳೆ ಮುರಿದಿರಲಿಲ್ಲ. ಆದರೂ ಕಿಡ್ನಿ, ಲಿವರ್ ಸೋತಿದ್ದವು, ನ್ಯುಮೋನಿಯಾ ಹಿಡಿದಿತ್ತು. ಫೆಬ್ರವರಿ 11ರಂದು ಹನುಮಂತಪ್ಪ ತೀರಿಕೊಂಡರು. ಮೃತದೇಹ ಹುಬ್ಬಳ್ಳಿಗೆ ಬಂದಾಗ ನಾವೂ ಸಾಲಿನಲ್ಲಿ ನಿಂತಿದ್ದೆವು. ಮಾಮಾ ಸಾಲಿನಲ್ಲಿ ಒಂದೇ ಮಾತು ಆಡಿದರು. "ಸಾತಾರಿ ಹುಡುಗನ ಊರಿಗೂ ಹಿಂಗ ಮಂದಿ ಬಂದಿರ್ತಾರಿಲ್ಲೋ?" ಬಂದಿರ್ತಾರೆ ಮಾಮಾ ಅಂದೆ.

ಸೇನೆಯ ವೈದ್ಯರ ಬಗ್ಗೆ ಓದಲು ಶುರು ಮಾಡಿದ್ದು ನಾನು ಆಮೇಲೆ. ಒಂದು ಸಂಗತಿ ನನ್ನನ್ನು ತಬ್ಬಿಬ್ಬು ಮಾಡಿತು. 1941ರಲ್ಲಿ ನಮ್ಮ ದೇಶದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರಿದ ಮೊದಲ ಇಬ್ಬರು ಭಾರತೀಯ ಸೈನಿಕರಲ್ಲಿ ಒಬ್ಬರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್, ಇನ್ನೊಬ್ಬರು ಒಬ್ಬ ಡಾಕ್ಟರ್. ಹೆಸರು ಎ.ಜಿ. ರಂಗರಾಜ್. ಇದೇ ರಂಗರಾಜ್ 1950ರಲ್ಲಿ ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ 60 ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್‌ನ ಮುಖ್ಯಸ್ಥರು. ನಾವು ಆ ಯುದ್ಧಕ್ಕೆ ಹೋರಾಡುವ ಪಡೆ ಕಳಿಸಲಿಲ್ಲ, ಈ ಆಸ್ಪತ್ರೆಯನ್ನು ಕಳಿಸಿದೆವು.

ಆ ಡಿಸೆಂಬರಿನಲ್ಲಿ ಚೀನಾದ ಸೇನೆ ನುಗ್ಗಿ ಬಂದಾಗ ಪ್ಯೊಂಗ್ಯಾಂಗ್ ಖಾಲಿ ಮಾಡುವ ಗಡಿಬಿಡಿ. ಇವರ ಔಷಧಿ, ಉಪಕರಣ ಸಾಗಿಸಲು ಲಾರಿ ಇಲ್ಲ. ಬಿಟ್ಟು ಹೋದರೆ ಬರೀ ಕೈಯ ಡಾಕ್ಟರುಗಳಾಗಿ ಉಳಿಯಬೇಕು. ಯಾರೋ ಬಿಟ್ಟುಹೋದ ಉಗಿಬಂಡಿಯ ಇಂಜಿನ್ ಒಂದು ಕಣ್ಣಿಗೆ ಬಿತ್ತು. ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ದಾಟಿಸಿ ಬಾಯ್ಲರ್ ತುಂಬಿದರು, ಅದನ್ನು ಓಡಿಸಲು ಗೊತ್ತಿದ್ದವರು ತಮ್ಮಲ್ಲೇ ಸಿಕ್ಕರು, ಸಾಮಾನೆಲ್ಲ ಹೇರಿಕೊಂಡು ಹೊಳೆ ದಾಟಿದರು. ಅವರು ದಾಟಿದ ಮೇಲೆ ಸೇತುವೆ ಸ್ಫೋಟಿಸಿದರು. ಮರುವರ್ಷ ಮಾರ್ಚ್ 23ರಂದು ಮುನ್ಸಾನ್‌ನಲ್ಲಿ ಅಮೆರಿಕದ ಪ್ಯಾರಾಟ್ರೂಪರುಗಳು ಹಾರಿದಾಗ ಇವರ ಒಂದು ಸಣ್ಣ ತಂಡವೂ ಅವರ ಜೊತೆ ಹಾರಿ, ಕೆಳಗೆ ಆಪರೇಷನ್ ಮಾಡಲು ಕೂತಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಅದೇ 60 ಪ್ಯಾರಾದವರು 2023ರಲ್ಲಿ ಟರ್ಕಿಯ ಭೂಕಂಪಕ್ಕೆ ಹೋಗಿ ಇಸ್ಕಂದರುನ್‌ನಲ್ಲಿ ಆಸ್ಪತ್ರೆ ತೆರೆದರು.

ಮಾಮಾನಿಗೆ ಈ ರೈಲಿನ ಕಥೆ ಹೇಳಿದಾಗ ಅವರು ಕೇಳಿದ್ದು, "ಸಾಮಾನು ಎಲ್ಲಾ ಬಂತಾ?" ಅಂತ.

ಸಾಮಾನು ಅಂದರೆ ಅವರಿಗೆ ಏನು ಅಂತ ನನಗೆ ಅರ್ಥವಾಗಿದ್ದು 2023ರ ಜುಲೈ 19ರ ಸುದ್ದಿ ಓದಿದಾಗ. ಸಿಯಾಚಿನ್‌ನಲ್ಲಿ ಬೆಳಗಿನ ಜಾವ ಬೆಂಕಿ ಬಿತ್ತು. ಅಲ್ಲಿದ್ದ ಡಾಕ್ಟರ್ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಒಳಗೆ ಸಿಕ್ಕಿಕೊಂಡವರನ್ನು ಹೊರಗೆ ಎಳೆದು ತಂದರು. ಅಷ್ಟರಲ್ಲಿ ಬೆಂಕಿ ಮೆಡಿಕಲ್ ಷೆಲ್ಟರಿಗೆ ಹಬ್ಬಿತು. ಔಷಧಿ ಉಳಿಸಲು ಮತ್ತೆ ಒಳಗೆ ಹೋದವರು ಹೊರಗೆ ಬರಲಿಲ್ಲ. ಕೀರ್ತಿ ಚಕ್ರ ಕೊಟ್ಟರು. ಆಗ ನನ್ನ ಆಫೀಸಿನ ಗೆಳೆಯನೊಬ್ಬ, ಮಾತ್ರೆ ಪೆಟ್ಟಿಗೆಗೆ ಯಾರಾದರೂ ಜೀವ ಕೊಡ್ತಾರಾ ಅಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಿಲ್ಲ. ಮೆಡಿಕಲ್ ಶಾಪ್ ಓಣಿಗೊಂದು ಇರುವ ಊರಲ್ಲಿ ಹಾಗೇ ಅನ್ನಿಸುತ್ತದೆ. ಆ ಎತ್ತರದಲ್ಲಿ ಪೆಟ್ಟಿಗೆ ಸುಟ್ಟರೆ ಮುಂದಿನ ಹೆಲಿಕಾಪ್ಟರ್ ಬರುವವರೆಗೆ ಆ ರಾತ್ರಿ ಉಸಿರುಗಟ್ಟುವ ಹುಡುಗನಿಗೆ ಏನೂ ಇಲ್ಲ.

ಮಾಮಾ 2013ರಲ್ಲಿ ಹವಾಲ್ದಾರ್ ಆಗಿ ನಿವೃತ್ತಿ ಆದರು. ಕೈ ಸುಮ್ಮನಿರಲಿಲ್ಲ, ನಮ್ಮ ಕಡೆಯ ಒಂದು ಖಾಸಗಿ ಆಸ್ಪತ್ರೆಗೆ ಕೆಲಸ ಕೇಳಿಕೊಂಡು ಹೋದರು. ಡಿಪ್ಲೊಮಾ ಇದೆಯಾ ಅಂದರು. ಸೇನೆಯ ಸರ್ಟಿಫಿಕೇಟ್ ತೋರಿಸಿದರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ರಾತ್ರಿ ಪಾಳಿಯಲ್ಲಿ ಸೆಕ್ಯೂರಿಟಿ ಕೆಲಸ ಖಾಲಿ ಇದೆ, ಮಿಲ್ಟ್ರಿಯವರಾದರೆ ಒಳ್ಳೇದು ಅಂದರಂತೆ. ಮಾಮಾ ಇದನ್ನು ನಗ್ತಾ ಹೇಳ್ತಾರೆ. ನನಗೆ ನಗು ಬರೋದಿಲ್ಲ.

ಈಗ ಅವರು ಹೊಲ ನೋಡಿಕೊಂಡಿದ್ದಾರೆ. ಆದರೆ ಪ್ರತಿ ವರ್ಷ ಯುಗಾದಿಗೆ ಮುಂಚೆ, ನಮ್ಮ ಕಡೆಯ ಜನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಾಗ, ಬಾಗಲಕೋಟೆ ಕಡೆಯ ರಸ್ತೆ ಬದಿ ಒಂದು ಪೆಂಡಾಲಿನಲ್ಲಿ ನಾಲ್ಕು ದಿನ ಕೂರುತ್ತಾರೆ. ಬೇರೆಯವರು ಮಜ್ಜಿಗೆ, ರೊಟ್ಟಿ, ಬಾಳೆಹಣ್ಣು ಹಂಚುತ್ತಾರೆ. ಮಾಮಾ ಒಂದು ಬುಟ್ಟಿ ನೀರು, ಡೆಟಾಲು, ಸೂಜಿ, ಹತ್ತಿ, ಪಟ್ಟಿ ಇಟ್ಟುಕೊಂಡು ಕೆಳಗೆ ಕೂತಿರುತ್ತಾರೆ. ಕಳೆದ ಸಲ ನಾನೂ ಹೋಗಿದ್ದೆ, ಪಟ್ಟಿ ಕತ್ತರಿಸಿ ಕೊಡುವ ಕೆಲಸ. ನೂರಾರು ಕಿಲೋಮೀಟರ್ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದ ಪಾದಗಳು. ಬೊಬ್ಬೆಯ ಚರ್ಮ ಕಿತ್ತು ಹಾಕಬಾರದು, ಅಂಚಿನಲ್ಲಿ ಸೂಜಿ ಚುಚ್ಚಿ ನೀರು ತೆಗೆದು ಚರ್ಮವನ್ನು ಹಾಗೇ ಮೇಲೆ ಕೂರಿಸಬೇಕು ಅಂತ ನನಗೂ ಈಗ ಗೊತ್ತು.

ಮಧ್ಯಾಹ್ನದ ಬಿಸಿಲಲ್ಲಿ ಒಬ್ಬ ಹುಡುಗ ಬಂದ. ಹದಿನೆಂಟು ಇರಬಹುದು. ಗೆಳೆಯರು ಕೂತರೂ ಅವನು ಕೂರಲಿಲ್ಲ, ಕಂಬಕ್ಕೆ ಒರಗಿ ಮಜ್ಜಿಗೆ ಕುಡಿದ.

"ಕಾಲ್ ತೋರ್ಸಪಾ" ಅಂದರು ಮಾಮಾ.

"ಏನೂ ಆಗಿಲ್ರಿ ಯಜ್ಜಾ. ಆರಾಮ್ ಐತಿ."

ಮಾಮಾ ಅವನ ಮುಖ ನೋಡಿದರು. ಆಮೇಲೆ ಬುಟ್ಟಿಯನ್ನು ಅವನ ಕಡೆ ಸರಿಸಿದರು.

"ಕುಂದರು. ಉಚ್ಚಿ ಯಾವ ಬಣ್ಣ ಹೊಂಟೈತಿ, ಅದನ್ನ ಮೊದ್ಲ ಹೇಳು."